ಅತ್ತೆ ನೆಟ್ಟ ಕಾಯಿ

ನಿನ್ನೆ ನನ್ನ ಮೊಮ್ಮಗಳ ಸೀಮಂತದಲ್ಲಿ ಅವಳ ಮಡಿಲಿಗೆ ಮೊದಲ ತೆಂಗಿನಕಾಯಿ ಹಾಕಿದವಳು ನಾನು! ಗಂಡ ಸತ್ತವಳು, ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು, ನಾನೇ! ಹೊಸನಗರದಲ್ಲಿ ಮಗಳ ಮನೆಯ ಜಗಲಿ ಮೇಲೆ, ಸಾಗರದಿಂದ ಬಂದ ಬೀಗರೆಲ್ಲರ ಎದುರಿಗೇ ಹಾಕಿದೆ. ಹೊಟ್ಟೆಯೊಳಗೆ ಇಟ್ಟುಕೊಳ್ಳಲು ಆಗುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಇರಲಿ.

ಆದರೆ ಹಾಕಿದ ಕೈ ಮಾತ್ರ ನನ್ನದು. ಹಾಕಿಸಿದವರು ನಮ್ಮತ್ತೆ.

ಅವರ ಎಡ ಅಂಗೈ ಹಳೇ ಮಣೆಯ ಹಾಗೆ ಗಟ್ಟಿ. ಕಾಯಿಯನ್ನು ಆ ಅಂಗೈಯಲ್ಲೇ ಹಿಡಿದು ಕತ್ತಿಯ ಬೆನ್ನಿನಿಂದ ಒಂದೇಟು ಕೊಟ್ಟು, ಒಂಚೂರು ತಿರುಗಿಸಿ ಇನ್ನೊಂದೇಟು ಕೊಟ್ಟರೆ ಎರಡು ಹೋಳು. ನೀರು ನೆಲಕ್ಕೆ ಬೀಳುತ್ತಿರಲಿಲ್ಲ. ಅದನ್ನು ನಿಂತಲ್ಲೇ ಕುಡಿದು ಬಾಯಿ ಒರೆಸಿಕೊಳ್ಳುತ್ತಿದ್ದರು. "ಒಡ್ದೋಳು ನಾನು, ನೀರೂ ನಂದೇ. ಯಾರಾದ್ರೂ ಕೇಳೋರಿದ್ರೆ ಬಂದು ಒಡೀಲಿ."

ಕಾಯಿಯಲ್ಲಿ ಎಸೆಯುವಂಥದ್ದು ಅವರಿಗೆ ಕಂಡೇ ಇಲ್ಲ. ಸಿಪ್ಪೆ ಬಚ್ಚಲ ಒಲೆಗೆ, ನಾರು ಪಾತ್ರೆ ತಿಕ್ಕಲಿಕ್ಕೆ, ಗರಿಯ ಕಡ್ಡಿ ಅಂಗಳ ಗುಡಿಸಲಿಕ್ಕೆ. ದೊಡ್ಡ ಕರಟ ಸಿಕ್ಕರೆ ಬಿದಿರಿನ ಹಿಡಿ ಸಿಕ್ಕಿಸಿ ಸೌಟು. ನಾನೊಮ್ಮೆ ತೀರ್ಥಹಳ್ಳಿ ಪೇಟೆಯಿಂದ ಸ್ಟೀಲಿನ ಸೌಟು ತಂದಾಗ, "ಇದ್ರಲ್ಲಿ ತಿರುವಿದ್ರೆ ಕಾಯಿಹಾಲು ಮುನಿಸ್ಕೊಳ್ತದೆ" ಎಂದು ಅದನ್ನು ಅಟ್ಟಕ್ಕೆ ಹಾಕಿದರು.

ನನ್ನನ್ನೇನು ಬಿಡುತ್ತಿದ್ದರೇ? ನಾನು ತುರಿದ ಕಾಯಲ್ಲಿ ಕಪ್ಪು ಕಂಡರೆ ಮುಗಿಯಿತು. "ಕಾಯಿ ತುರಿ ಅಂದ್ರೆ ಕರಟ ತುರೀತೀಯಲ್ಲ ಮಾರಾಯ್ತಿ, ಅಪ್ಪನ ಮನೇಲಿ ಕರಟ ತಿಂದು ಬೆಳ್ದಿದ್ಯಾ?"

ನನ್ನ ಗಂಡ ಹೋದಾಗ ಮಗಳು ಇನ್ನೂ ಫ್ರಾಕ್ ಹಾಕುತ್ತಿದ್ದಳು. ಅತ್ತೆ ಅದಕ್ಕೂ ಮೊದಲೇ ಗಂಡನನ್ನು ಕಳೆದುಕೊಂಡಿದ್ದವರು, ಈಗ ಮಗನನ್ನೂ ಕಳೆದುಕೊಂಡರು. ಕಾರ್ಯ ಮುಗಿದ ಮಾರನೇ ದಿನ ನಾನು ಮೂಲೆ ಹಿಡಿದು ಕೂತಿದ್ದೆ. ಅವರು ತುರಿಯೋ ಮಣೆ ತಂದು ನನ್ನ ಮುಂದಿಟ್ಟರು. "ಅಳೋದಿದ್ರೆ ತುರೀತಾ ಅಳು. ಮಗೀಗೆ ಹಸಿವಾಗ್ತದೆ." ಅವರ ಕಣ್ಣೂ ಕೆಂಪಗಿತ್ತು.

ಆ ಮಗಳು ದೊಡ್ಡವಳಾಗಿ, ಮದುವೆಯಾಗಿ, ಬಸುರಿಯಾದಳು. ಸೀಮಂತ ನಮ್ಮ ಮನೆಯಲ್ಲೇ. ಬೆಳಗ್ಗಿನಿಂದ ನಾನೂ ಅತ್ತೆಯೂ ಅಡುಗೆಮನೆಯಲ್ಲಿ ಕಾಯಿ ತುರಿದದ್ದೇ ತುರಿದದ್ದು. ಮಡಿಲು ತುಂಬುವ ಹೊತ್ತಿಗೆ, ಜುಟ್ಟು ಚೆಂದವಿದ್ದ ಒಂದು ಕಾಯಿ ಆರಿಸಿಕೊಂಡು ಹೊರಗೆ ಬಂದೆ. ಹೊಸನಗರದ ಬೀಗರ ಕಡೆಯ ಹಿರಿಯಮ್ಮ ಕೈ ಅಡ್ಡ ಹಿಡಿದರು. "ಮುತ್ತೈದೇರು ಹಾಕ್ಲಿ. ಬಸುರಿ ಹುಡುಗಿ, ಅಪಶಕುನ ಬೇಡ."

ನಾನು ಅಲ್ಲೇ ನಿಂತುಬಿಟ್ಟೆ. ಅಷ್ಟರಲ್ಲಿ ಅತ್ತೆ ಬಂದರು, ಸೆರಗಿನ ತುಂಬ ಕಾಯಿತುರಿ.

"ಎಂತ ಅಮ್ಮಾ, ಪಾಯಸಕ್ಕೆ ಆಗೋ ಕೈ ಮಡಿಲಿಗೆ ಆಗಲ್ವಾ?"

"ಅಡುಗೆ ಬೇರೆ, ಶಾಸ್ತ್ರ ಬೇರೆ."

"ಹೌದಾ? ಹಂಗಾರೆ ಅಡುಗೆಗೂ ಈ ಕೈ ಬೇಡ ಬಿಡಿ."

ಒಳಗೆ ಹೋದವರೇ ತುರಿದಿಟ್ಟ ಕಾಯನ್ನೆಲ್ಲ ಪರಾತದ ಸಮೇತ ಎತ್ತಿಕೊಂಡು ಹೋಗಿ ದನದ ಬಾನಿಗೆ ಸುರಿದುಬಿಟ್ಟರು! ಆವತ್ತು ಬೀಗರು ಉಂಡದ್ದು ಕಾಯಿ ಇಲ್ಲದ ಸಾರು, ಕಾಯಿ ಇಲ್ಲದ ಪಲ್ಯ. ಒತ್ತು ಶಾವಿಗೆಗೆ ಕಾಯಿಹಾಲಿನ ಬದಲು ಬರೀ ಬೆಲ್ಲದ ನೀರು. ನಮ್ಮ ಕಡೆ ಬೀಗರಿಗೆ ಹೀಗೆ ಬಡಿಸಿದವರನ್ನು ನಾನು ಕಂಡಿಲ್ಲ. ಅತ್ತೆ ತಾವೇ ಪಂಕ್ತಿಯಲ್ಲಿ ಓಡಾಡಿ ಉಪಚಾರ ಮಾಡಿದರು. "ಸಪ್ಪೆ ಅಲ್ದಾ? ನಿಮ್ಮ ಶಾಸ್ತ್ರನೇ ಸಪ್ಪೆ. ಇನ್ನೊಂಚೂರು ಹಾಕ್ಲಾ?"

ಅಷ್ಟಾದರೂ ನನ್ನ ಕಾಯಿ ನನ್ನ ಕೈಯಲ್ಲೇ ಉಳಿಯಿತು. ಎಲ್ಲರೂ ಹೋದ ಮೇಲೆ ಅತ್ತೆ ಅದನ್ನು ಒಡೆದು ನೀರನ್ನು ನನಗೆ ಕುಡಿಸಿದರು. ಮೊದಲ ಸಲ, ತಾವು ಕುಡಿಯದೆ. ಆಮೇಲೆ ಕೊಟ್ಟಿಗೆಯಿಂದ ಸುಲಿಯದ ಒಂದು ಕಾಯಿ ಆರಿಸಿ ತಂದು, ಬಚ್ಚಲ ನೀರು ಹರಿಯುವಲ್ಲಿ ನೆಟ್ಟರು. "ನಿನ್ನ ಮಗಳಿಗೆ ಹೆಣ್ಣು ಹುಟ್ಲಿ. ಆ ಹೆಣ್ಣಿನ ಮಡಿಲಿಗೆ ಈ ಮರದ ಕಾಯಿ. ನೀನೇ ಹಾಕ್ಬೇಕು. ಬೇಡ ಅಂತ ಯಾರಾದ್ರೂ ಅಂದ್ರೆ ಅವರ ತಲೆ ಮೇಲೆ ಹಾಕು."

ಹೆಣ್ಣೇ ಹುಟ್ಟಿತು. ಮರವೂ ಎದ್ದಿತು. ಅದು ಮೊದಲ ಫಸಲು ಬಿಟ್ಟಾಗ ಅತ್ತೆ ಹಾಸಿಗೆ ಹಿಡಿದಿದ್ದರು. ಎಳನೀರು ಕೆತ್ತಿಸಿ ಚಮಚೆಯಲ್ಲಿ ಕುಡಿಸಿದೆ. ಬಾಯಲ್ಲಿ ಇಟ್ಟುಕೊಂಡು ಯೋಚಿಸಿ, "ಒಂಚೂರು ಉಪ್ಪು. ನನ್ನ ಹಂಗೇ ಇದೆ" ಎಂದು ನಕ್ಕರು. ಆ ವಾರದಲ್ಲೇ ತೀರಿಕೊಂಡರು.

ನಿನ್ನೆ ಬೆಳಗಿನ ಬಸ್ಸಿನಲ್ಲಿ ಆ ಮರದ ಕಾಯಿಗಳನ್ನು ಚೀಲದಲ್ಲಿ ತುಂಬಿ ಹೊಸನಗರಕ್ಕೆ ಹೋದೆ. ಜೊತೆಗೆ ಅತ್ತೆಯ ಕರಟದ ಸೌಟು. ಮಡಿಲು ತುಂಬುವ ಹೊತ್ತು ಬಂತು. ಮೊಮ್ಮಗಳ ಅತ್ತೆಯ ಅಕ್ಕ, ಸಾಗರದವರು, ಮೆಲ್ಲಗೆ ಅಂದರು, "ಅಜ್ಜೀ, ನೀವು ಅಕ್ಷತೆ ಹಾಕಿ ಸಾಕು. ಕಾಯಿ ಮುತ್ತೈದೇರು ಹಾಕ್ತಾರೆ."

ಈ ಸಲ ನಾನು ಸುಮ್ಮನೆ ನಿಲ್ಲಲಿಲ್ಲ.

"ಇದು ನಮ್ಮತ್ತೆ ನೆಟ್ಟ ಮರದ ಕಾಯಿ ಕಣಮ್ಮ. ಒಂದೋ ಹುಡುಗಿ ಮಡಿಲಿಗೆ, ಇಲ್ಲಾ ಬೇಡ ಅಂದೋರ ತಲೆ ಮೇಲೆ ಅಂತ ಹೇಳಿ ಹೋಗಿದಾರೆ. ಎಲ್ಲಿಗೆ ಹಾಕ್ಲಿ, ನೀವೇ ಹೇಳಿ."

ಮೊದಲು ನನ್ನ ಮಗಳು ಕಿಸಕ್ಕೆಂದಳು. ಮೊಮ್ಮಗಳು ಸೆರಗು ಅಗಲ ಮಾಡಿ ಹಿಡಿದಳು. "ಅಜ್ಜೀ, ಬೇಗ ಹಾಕು. ಬೆನ್ನು ನೋಯ್ತದೆ ನಂಗೆ."

ಹಾಕಿದೆ. ಕಾಯಿ ಅವಳ ಮಡಿಲಲ್ಲಿ ಕೂತಿತು. ಒಳಗಿನ ಕೂಸು ಒದೆಯಿತಂತೆ, ಅವಳೇ ಹೇಳಿದಳು!

ಸಂಜೆ ಒತ್ತು ಶಾವಿಗೆ, ಕಾಯಿಹಾಲು. ಕಾಯಿ ತುರಿಯಲು ಮೊಮ್ಮಗಳ ಗಂಡ ಕೂತ. ಕಪ್ಪು ಬಿತ್ತು. "ಕರಟ ತಿಂದು ಬೆಳ್ದಿದೀಯೇನೋ?" ಎಂದೆ. ಯಾರ ಮಾತು ಬಾಯಿಗೆ ಬಂತೆಂದು ಮಗಳಿಗೂ ನನಗೂ ಗೊತ್ತಾಯಿತು.

ಎಲ್ಲರೂ ಒಟ್ಟಿಗೇ ಉಣ್ಣಲು ಕೂತೆವು, ಸಾಗರದವರೂ ಹೊಸನಗರದವರೂ ನಾನೂ. ಕಾಯಿಹಾಲಿನ ಪಾತ್ರೆ ನನ್ನ ಪಕ್ಕದಲ್ಲೇ ಇತ್ತು. ಎದುರಿಗೆ ಕೂತಿದ್ದ ಆ ಸಾಗರದ ಅಕ್ಕ ಎಲೆ ನೋಡುತ್ತಾ ಅಂದರು, "ಅಜ್ಜೀ, ಇನ್ನೊಂಚೂರು ಕಾಯಿಹಾಲು."

ಅತ್ತೆಯ ಸೌಟು ಮುಳುಗಿಸಿ, ತುಂಬ ಎತ್ತಿ, ಈ ಕೈಯಿಂದಲೇ ಸುರಿದೆ.