ಪದ್ಮಾ ಎತ್ತಿಕೊಂಡ ಹಿಮಯುಗದ ಕೂಸು

ವಡೋದರಾದ ಗೋರ್ವಾದಲ್ಲಿರುವ ನಮ್ಮ ಪದ್ಮಾಳಿಗೆ ಜನರನ್ನು ಎಣಿಸುವ ಚಾಳಿ. ಯಾರದಾದರೂ ಮದುವೆಗೆ ಹೋಗಿ ಬಸ್ಸು ಹತ್ತುವಾಗ ನಮ್ಮೆಲ್ಲರ ತಲೆ ಮುಟ್ಟಿ ಎಣಿಸುತ್ತಾಳೆ. ಲಿಫ್ಟಿನಲ್ಲಿ ಗುರುತಿಲ್ಲದವರಿದ್ದರೆ ಅವರನ್ನೂ ಬಿಡುವುದಿಲ್ಲ.

ಇದಕ್ಕೆ ಕಾರಣವಿದೆ. ಅವಳ ಗಂಡ ವೆಂಕಟಾಚಲ ರೈಲ್ವೆಯಲ್ಲಿದ್ದವರು. ಹುಬ್ಬಳ್ಳಿಯಿಂದ ವರ್ಗವಾಗಿ ಇಲ್ಲಿಗೆ ಬಂದ ದಿನ ಪದ್ಮಾ ಪ್ಲಾಟ್‌ಫಾರ್ಮಿನ ಮೇಲೆ ಸಾಮಾನು ಎಣಿಸಿದಳು. ಟ್ರಂಕು, ಹಾಸಿಗೆಯ ಸುರುಳಿ, ಒರಳು, ತುಳಸಿಯ ಕುಂಡ, ಎಲ್ಲ ಸರಿಯಾಗಿತ್ತು. ಕ್ವಾರ್ಟರ್ಸಿಗೆ ಹೋಗಿ ಹಾಲು ಉಕ್ಕಿಸಿದ ಮೇಲೆ, ಆ ಹಾಲು ಕುಡಿಯಬೇಕಾದ ಮಗ ಸಂತೋಷ್ ಇಲ್ಲವೆಂದು ತಿಳಿಯಿತು. ಓಡಿಹೋಗಿ ನೋಡಿದರೆ ಅವನು ಸ್ಟೇಷನ್ನಿನ ಚಹದಂಗಡಿಯಲ್ಲಿ ಕುಳಿತು ಕಡಲೆಹಿಟ್ಟಿನ ಗಾಂಠಿಯಾ ತಿನ್ನುತ್ತಿದ್ದ. ಅಂಗಡಿಯವನು ಪದ್ಮಾಳನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು ಎಂದು ಅವಳು ಇಂದಿಗೂ ಹೇಳುತ್ತಾಳೆ. ಸಂತೋಷನ ತಲೆ ಈಗ ನರೆತಿದೆ. ಊಟಕ್ಕೆ ಬಡಿಸುವಾಗ ಮೊದಲು ಅವನನ್ನೇ ಎಣಿಸುತ್ತಾಳೆ.

ಇಂಥವಳ ಕೈಗೆ ಗುಹೆ ಪುಸ್ತಕ ಬಂತು.

ನಮ್ಮ ಕನ್ನಡದ ಮನೆಗಳು ಅಹಮದಾಬಾದ್, ವಡೋದರಾ, ಸೂರತ್ ಮೂರೂ ಊರುಗಳಲ್ಲಿ ಚದುರಿವೆ. ಇಲ್ಲಿ ಕನ್ನಡ ಪುಸ್ತಕ ಬೇಕೆಂದರೆ ಯಾವ ಅಂಗಡಿಯಲ್ಲಿ ಕೇಳುವುದು? ಅದಕ್ಕೆ ಒಂದು ಕೊಟ್ಟು ಒಂದು ತೆಗೆದುಕೊಳ್ಳುವ ಪದ್ಧತಿ ಇಟ್ಟುಕೊಂಡಿದ್ದೇವೆ. ಯಾರು ರೈಲು ಹತ್ತಿದರೂ ಅವರ ಚೀಲದಲ್ಲಿ ಯಾರದೋ ಪುಸ್ತಕ ಇರುತ್ತದೆ. ಈ ಪದ್ಧತಿ ಹಾಕಿಕೊಟ್ಟವರು ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯ ಲಿಂಗರಾಜ. ಆಕಾಶಕ್ಕೆ ಉಪಗ್ರಹ ಬಿಡುವ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಪುಸ್ತಕದಲ್ಲಿ ಗೀಚಬಾರದು, ಮೂಲೆ ಮಡಿಸಬಾರದು ಎಂಬ ನಿಯಮಗಳೂ ಅವರವೇ. ತಮ್ಮ ಕಡೆಯಿಂದ ಅವರು ಒಂದು ದಪ್ಪ ಕಾದಂಬರಿ ಹಾಕಿದರು. ಅದರ ರಟ್ಟು ಎಂದೋ ಹೋಗಿತ್ತು. ಭತ್ತ, ಕಬ್ಬಿಣ, ಉಪ್ಪು ಯಾವುದೂ ಇಲ್ಲದ ಕಾಲದಲ್ಲಿ ಒಂದು ಗುಂಪು ಹಿಮದಿಂದ ತಪ್ಪಿಸಿಕೊಂಡು ತೆಂಕಣಕ್ಕೆ ನಡೆಯುವ ಕಥೆ. ಅದನ್ನೇ ನಾವು ಗುಹೆ ಪುಸ್ತಕ ಎನ್ನುವುದು.

ಕಥೆಯ ಆರಂಭದಲ್ಲಿಯೇ ಗುಂಪಿಗೆ ತಿನ್ನಲು ಏನೂ ಉಳಿಯುವುದಿಲ್ಲ. ಒಂದು ಹೆಣ್ಣು ಕೂಸನ್ನು ಕಲ್ಲಿನ ಮರೆಯಲ್ಲಿ ಇಟ್ಟು ಹೊರಟುಹೋಗುತ್ತಾರೆ. ಆಮೇಲೆ ಅದರ ಸುದ್ದಿಯೇ ಇಲ್ಲ. ಓದಿದವರೆಲ್ಲ ಅಯ್ಯೋ ಪಾಪ ಎಂದು ಪುಟ ತಿರುವಿದ್ದೆವು. ಪದ್ಮಾ ತಿರುವಲಿಲ್ಲ.

"ಕೇಳ್ರಿ ಇಲ್ಲೆ. ಕೂಸನ್ನ ಬಿಟ್ಟು ಹೋಗ್ಯಾರ" ಎಂದಳು ಗಂಡನಿಗೆ.

"ಯಾರು?"

"ಇವರು, ಗುಹೆಯವರು."

"ಅದಾಗಿ ಎಷ್ಟು ಸಾವಿರ ವರ್ಷ ಆತು. ಈಗ ಹೋಗಿ ನೀ ಏನ್ ಮಾಡ್ತಿ?"

"ಹೊರಡೂ ಮುಂದ ಒಬ್ಬರರ ಎಣಿಸಬಾರದೇನು?"

ಆ ಪ್ರಶ್ನೆಗೆ ಉತ್ತರ ಕೊಡಬಾರದೆಂದು ವೆಂಕಟಾಚಲರಿಗೆ ಗೊತ್ತಿತ್ತು. ಪೇಪರನ್ನು ಮುಖಕ್ಕೆ ಅಡ್ಡ ಹಿಡಿದರು.

ಪದ್ಮಾ ಹಳೆಯ ಕ್ಯಾಲೆಂಡರಿನ ಹಾಳೆ ಕತ್ತರಿಸಿ, ಹಿಂಬದಿಯಲ್ಲಿ ಬರೆದಳು: 'ಸ್ವಲ್ಪ ದೂರ ಹೋದ ಮೇಲೆ ಒಬ್ಬ ಹೆಂಗಸು ಎಲ್ಲರನ್ನೂ ಎಣಿಸಿದಳು. ಒಂದು ಕಡಿಮೆ ಬಂತು. ತಿರುಗಿ ಹೋಗಿ ಕೂಸನ್ನು ಎತ್ತಿಕೊಂಡು ಬಂದಳು.' ಅನ್ನದ ಅಗುಳು ಹಚ್ಚಿ ಆ ಚೀಟಿಯನ್ನು ಅದೇ ಪುಟಕ್ಕೆ ಅಂಟಿಸಿದಳು. ಆಮೇಲೆ ಸಮಾಧಾನದಿಂದ ಮಲಗಿದಳು.

ಪುಸ್ತಕಕ್ಕಾಗಿ ಸೂರತ್ತಿನ ಕತಾರ್‌ಗಾಮಿನಲ್ಲಿ ಮೇದಿನಿ ಕಾಯುತ್ತಿದ್ದಳು. ವಜ್ರ ಸಾಣೆ ಹಿಡಿಯುವ ಕಾರ್ಖಾನೆಯ ಮೇಲಿನ ಮಹಡಿಯಲ್ಲಿ ಅವಳ ಮನೆ. ಪದ್ಮಾ ಪುಸ್ತಕ ಕಳಿಸಿ ಫೋನಿನಲ್ಲಿ ಹೇಳಿದ್ದು ಇಷ್ಟೇ: "ಒಳಗ ಕೂಸು ಅದ, ನೋಡ್ಕೊ."

ಮೇದಿನಿ ನೋಡಿಕೊಂಡಳು. ಎತ್ತಿಕೊಂಡ ಮೇಲೆ ಕೂಸು ಮುಂದಿನ ಪುಟದಲ್ಲಿಯೂ ಇರಬೇಕಲ್ಲ. ಆದರೆ ಅಚ್ಚಾದ ಕಥೆಯಲ್ಲಿ ಅದನ್ನು ಯಾರೂ ಹೊತ್ತಿರಲಿಲ್ಲ. ಹಿಮದ ದಾರಿಯಲ್ಲಿ ಹೆಂಗಸರು ಸರದಿಯ ಮೇಲೆ ಹೊತ್ತರು ಎಂದು ಅವಳೊಂದು ಚೀಟಿ ಹಚ್ಚಿದಳು. ಹಲ್ಲು ಬಂತು ಎಂದು ಇನ್ನೊಂದು. ಸಂಕ್ರಾಂತಿ ಹತ್ತಿರವಿದ್ದುದರಿಂದ ಮತ್ತೊಂದು: 'ಕೂಸಿನ ತಲೆಯ ಮೇಲೆ ಬಾರೆಹಣ್ಣು ಎರೆದರು. ಕಬ್ಬಿನ ಚೂರು, ಚಿಲ್ಲರೆ ಹಾಕಲಿಲ್ಲ. ಎರಡೂ ಆಗ ಇರಲಿಲ್ಲ.'

ಅಲ್ಲಿಂದ ಮುಂದೆ ಯಾರ ಮನೆಗೆ ಪುಸ್ತಕ ಹೋದರೂ ಕೂಸಿನ ಆರೈಕೆ ಅವರದಾಯಿತು. ನಮ್ಮ ವಾಟ್ಸಾಪ್ ಗುಂಪಿನಲ್ಲಿ ದಿನವೂ ಅದೇ ಮಾತು. ಲಿಂಗರಾಜರೊಬ್ಬರು ಮಾತ್ರ ಆ ಗುಂಪನ್ನು ತೆರೆದು ನೋಡುವವರಲ್ಲ. ಕೂಸು ಎಲ್ಲಿದೆ, ನೆಗಡಿ ಹೋಯಿತೇ, ಅನ್ನ ಹುಟ್ಟುವ ತನಕ ಏನು ತಿನ್ನಿಸುವುದು. ಪದ್ಮಾಳ ಸೊಸೆ ಪೂರ್ವಿ ಗುಜರಾತಿ. ಅವಳು ಗಂಡ ಕೇಳುತ್ತಿದ್ದ ವಾಯ್ಸ್ ಮೆಸೇಜಿಗೆ ಕಿವಿಗೊಟ್ಟು, "ಮಮ್ಮಿ, ಯೇ ಕಿಸ್ಕಾ ಬಚ್ಚಾ ಹೈ?" ಎಂದು, ಇದು ಯಾರ ಮಗುವೆಂದು ಹಿಂದಿಯಲ್ಲಿ ಕೇಳಿದಳು. ಸಂತೋಷ್ ವಿವರಿಸಿದ. ಎಷ್ಟು ಅರ್ಥವಾಯಿತೋ, ಹಿಮದಲ್ಲಿ ಒಂದು ಮಗು ಇದೆ ಎಂಬುದಂತೂ ಆಯಿತು. ಒಂದು ಪುಟ್ಟ ಉಲನ್ ಟೋಪಿ ಹೆಣೆದಳು. ಅದನ್ನು ಪುಸ್ತಕದ ಮೂಲೆಗೆ ತೊಡಿಸಿದರು.

ಪುಸ್ತಕ ಎಷ್ಟು ಊದಿತೆಂದರೆ ಲಂಗದ ಲಾಡಿಯಿಂದ ಕಟ್ಟಿ ಕಳಿಸಬೇಕಾಯಿತು. ಹಾಗೆ ಸುತ್ತಿ ಸುತ್ತಿ ಒಂದು ದಿನ ಲಿಂಗರಾಜರ ಮನೆಗೇ ಮರಳಿ ಬಂತು. ಮರುದಿನ ಅವರು ಹೆಂಡತಿ ಶಾಂತಾಳನ್ನು ಕರೆದುಕೊಂಡು ವಡೋದರಾದ ರೈಲು ಹತ್ತಿದರು. ಪದ್ಮಾಳಿಗೆ ಒಂದು ಪುಸ್ತಕ ತಲುಪಿಸುವುದಿದ್ದುದರಿಂದ, ಅಹಮದಾಬಾದಿನಲ್ಲೇ ಇರುವ ನಾನೂ ಜೊತೆಗೆ ಹೋದೆ. ಸುದ್ದಿ ತಿಳಿದು ಸೂರತ್ತಿನಿಂದ ಮೇದಿನಿ ನಮಗಿಂತ ಮೊದಲೇ ಬಂದು ಕುಳಿತಿದ್ದಳು.

ಲಿಂಗರಾಜರು ಚಹ ಮುಟ್ಟಲಿಲ್ಲ. "ಪದ್ಮಾ ಅವರೇ, ಬರೆದವರು ಮಗುನ ಬಿಟ್ಟಿದ್ದಾರೆ ಅಂದ್ರೆ ಬಿಟ್ಟಿದ್ದಾರೆ. ನಾವು ಅದಕ್ಕೆ ಕೈ ಹಾಕೋ ಹಾಗಿಲ್ಲ."

"ಅವರು ಬಿಟ್ರು, ನಾ ತಗೊಂಡೆ. ಬಿಟ್ಟವರದೇನು ತಕರಾರು ಬಂದದೇನು?"

"ಅಲ್ಲಮ್ಮಾ, ಇಲ್ಲಿ ಎಮ್ಮೆ ಹಾಲು ಕುಡಿಸಿದ್ದೀರಿ. ಆ ಕಾಲದಲ್ಲಿ ಯಾರೂ ಎಮ್ಮೆ ಸಾಕ್ತಿರಲಿಲ್ಲ."

"ಸಾಕಿದ್ದು ಅಂತ ಎಲ್ಲೆ ಬರದದ? ಎಮ್ಮಿ ನಿಂತಿತ್ತು, ಹಿಂಡ್ಕೊಂಡ್ರು."

"ಮನೇಲಿ ಒಂದು ದಿನ ಹಾಲು ಕಾಯಿಸಿದವರಲ್ಲ, ಎಮ್ಮೆ ವಿಚಾರ ಹೇಳ್ತಾರೆ" ಎಂದಳು ಶಾಂತಾ, ಯಾರಿಗೂ ಅಲ್ಲದಂತೆ.

"ನನ್ನ ಪುಸ್ತಕ ನಾನು ಕೊಟ್ಟ ಹಾಗೇ ಬೇಕು. ಚೀಟಿ ಎಲ್ಲ ತೆಗೆದುಬಿಡಿ" ಎಂದರು ಲಿಂಗರಾಜ.

ಪದ್ಮಾಳ ಮುಖ ಬಿಳಿಚಿಕೊಂಡಿತು. ಸ್ಟೇಷನ್ನಿಗೆ ಓಡಿದ ದಿನ ಹೀಗೆಯೇ ಇದ್ದಳೆಂದು ವೆಂಕಟಾಚಲರು ಆಮೇಲೆ ಹೇಳಿದರು. ಅವಳು ಸೆರಗು ಸರಿಮಾಡಿಕೊಂಡು ನಿಧಾನವಾಗಿ ಹೇಳಿದಳು: "ನಿಮ್ಮ ಪುಸ್ತಕ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ನಮ್ಮ ಕೈಲೆ ಆಗೂದಿಲ್ಲ. ನೀವ ತಗೀರಿ. ಒಂದೊಂದೂ ಓದಿ ತಗೀರಿ. ಯಾರನ್ನ ಬಿಡ್ಲಿಕ್ಕತ್ತೀವಿ ಅಂತ ಗೊತ್ತಿರಬೇಕು."

ಲಿಂಗರಾಜರು ಕನ್ನಡಕ ಒರೆಸಿಕೊಂಡು ಕೊನೆಯ ಪುಟದಿಂದ ಆರಂಭಿಸಿದರು. ಕಟ್ಟಿದ್ದನ್ನು ಬಿಚ್ಚುವಾಗ ಕೊನೆಯಿಂದಲೇ ಬಿಚ್ಚಬೇಕು ಎಂಬುದು ಅವರ ಕಚೇರಿಯ ಕ್ರಮವಂತೆ. ಗಟ್ಟಿಯಾಗಿ ಓದುವುದು, ಕೀಳುವುದು, ಸ್ಟೀಲಿನ ತಟ್ಟೆಗೆ ಹಾಕುವುದು.

ಮೊದಲು ಬಂದ ಚೀಟಿಯಲ್ಲಿ ಅವಳು ದೊಡ್ಡ ಹುಡುಗಿ. ಬೆಟ್ಟದ ಮೇಲೆ ನಿಂತು ಸಮುದ್ರ ನೋಡುತ್ತಿದ್ದಳು. ಅದು ತಟ್ಟೆಗೆ ಬಿತ್ತು. ಆಮೇಲಿನದರಲ್ಲಿ ಗಂಡಸರಿಗಿಂತ ಮೊದಲು ಬೆಂಕಿ ಹೊತ್ತಿಸಿದಳು. ಅದೂ ಬಿತ್ತು. ಹಿಂದೆ ಹೋದ ಹಾಗೆ ಹುಡುಗಿ ಚಿಕ್ಕವಳಾದಳು, ಮಾತು ತೊದಲಿತು. ಒಂದು ಚೀಟಿಯಲ್ಲಿ ಜ್ವರ ಬಂದು, ಯಾರೋ ಅವಳನ್ನು ಮಡಿಲಲ್ಲಿ ಮಲಗಿಸಿಕೊಂಡು ಕಣ್ಣು ಮುಚ್ಚದೆ ಕುಳಿತಿದ್ದರು. ಲಿಂಗರಾಜರು ಅದನ್ನು ಅರ್ಧ ಓದಿ ನಿಲ್ಲಿಸಿದರು.

"ಇದು ನಿನ್ನ ಅಕ್ಷರ."

"ಜ್ವರ ಬಂದಿದೆ ಅಂತ ಗುಂಪಿನಲ್ಲಿ ಹಾಕಿದ್ರು. ಸುಮ್ಮನೆ ಕೂರೋಕಾಗುತ್ತಾ? ಬರೆದು ಪುಸ್ತಕ ಇದ್ದವರಿಗೆ ಕಳಿಸಿದೆ, ಅವರು ಅಂಟಿಸಿದ್ರು" ಎಂದಳು ಶಾಂತಾ.

ಅವರು ಅದನ್ನೂ ಕಿತ್ತರು, ಆದರೆ ತಟ್ಟೆಗೆ ಎಸೆಯಲಿಲ್ಲ, ಇಟ್ಟರು. ಹುಡುಗಿಯ ನಡಿಗೆ ಹೋಯಿತು. ಬಾರೆಹಣ್ಣು ಹೋಯಿತು. ಹಲ್ಲು ಒಳಗೆ ಸೇರಿತು. ಹೊತ್ತ ಹೆಂಗಸರು ಒಬ್ಬೊಬ್ಬರೇ ಕೂಸನ್ನು ಕೆಳಗಿಳಿಸಿದರು. ಕೊನೆಗೆ ಪದ್ಮಾಳ ಕ್ಯಾಲೆಂಡರ್ ಚೀಟಿ ಒಂದೇ ಉಳಿಯಿತು. ಪದ್ಮಾ ಗೋಡೆಯ ಕಡೆ ಮುಖ ಮಾಡಿ ನಿಂತಳು.

ಲಿಂಗರಾಜರು ಉಗುರಿನಿಂದ ಅಂಚು ಎಬ್ಬಿಸಿದರು. ಅಡಿಯಲ್ಲಿ ಅಚ್ಚಿನ ಅಕ್ಷರದಲ್ಲಿ 'ಅವರು ಹಿಂದಿರುಗಿ ನೋಡಲಿಲ್ಲ' ಎಂದಿತ್ತು. ಅದನ್ನು ಎರಡು ಸಲ ಓದಿಕೊಂಡು, ಅಂಚನ್ನು ಹೆಬ್ಬೆರಳಿನಿಂದ ಮತ್ತೆ ಒತ್ತಿದರು.

"ಇದೊಂದಿರಲಿ."

"ಇದ್ರ ಮುಂದಿನ ಪುಟದಾಗ ಕೂಸು ಯಾರ ಕಡೆ?" ಎಂದಳು ಪದ್ಮಾ, ತಿರುಗದೆಯೇ.

ಅವರು ಮುಂದಿನ ಪುಟ ನೋಡಿದರು. ಅಲ್ಲಿ ಗುಂಪು ಹೊಳೆಗೆ ಇಳಿದಿತ್ತು. ಎಲ್ಲರ ಕೈಯಲ್ಲೂ ಈಟಿ, ಚರ್ಮ, ಕಟ್ಟಿಗೆ. "ಆ ತಟ್ಟೆ ಕೊಡಿ ಇಲ್ಲಿ" ಎಂದರು.

ಅಷ್ಟರಲ್ಲಿ ಪೂರ್ವಿ ಮಜ್ಜಿಗೆ ತಂದವಳು, ಅಂಕಲ್ ಬೆವರುತ್ತಿದ್ದಾರೆಂದು ಫ್ಯಾನು ಹಾಕಿದಳು. ಚೀಟಿಗಳೆಲ್ಲ ಎದ್ದು ಮನೆ ತುಂಬಾ ಹಾರಿದವು. ಉಪಗ್ರಹದ ಕಚೇರಿಯವರು ಮಂಡಿಯೂರಿ ಸೋಫಾದ ಕೆಳಗೆ ಕೈ ಹಾಕಿದರು. ಯಾವ ಚೀಟಿಗೂ ಸಂಖ್ಯೆ ಇರಲಿಲ್ಲ. ಸಂಜೆಯವರೆಗೆ ಅನ್ನದ ಅಗುಳು ಹಚ್ಚುತ್ತ ಕುಳಿತೆವು.

"ಸಮುದ್ರ ಮೊದಲೋ, ಅಂಬೆಗಾಲು ಮೊದಲೋ?" ಎಂದರು ಲಿಂಗರಾಜ.

"ಜಾಗ ಇದ್ದಲ್ಲೆ ಹಚ್ರಿ" ಎಂದರು ವೆಂಕಟಾಚಲ. "ಕೂಸು ಇದ್ರ ಆತು."

ಈಗ ಪುಸ್ತಕ ಸೂರತ್ತಿಗೆ ಹೊಸದಾಗಿ ಬಂದ ಗುರುಕಿರಣ್ ಎಂಬ ಬ್ಯಾಂಕಿನವರ ಬಳಿ ಇದೆ. ಮೊನ್ನೆ ನಾನು ಶಾಂತಾಳ ಮನೆಯಲ್ಲಿದ್ದಾಗಲೇ ಅವರ ಫೋನು ಬಂತು. ಲಿಂಗರಾಜರು ಸ್ಪೀಕರಿಗೆ ಹಾಕಿದರು.

"ಸಾರ್, ಈ ಹುಡುಗಿ ಕರಡಿನ ಹೊಡೆದುಹಾಕಿದ ಮೇಲೆ ಅವಳಿಗೆ ಮೊದಲನೇ ಹಲ್ಲು ಬರುತ್ತಲ್ಲ?"

"ಆ ಕಾಲದ ಮಕ್ಕಳ ಬೆಳವಣಿಗೆ ಬಗ್ಗೆ ಖಚಿತವಾಗಿ ಯಾರಿಗೂ ಗೊತ್ತಿಲ್ಲ" ಎಂದರು ಲಿಂಗರಾಜ. "ಅದಿರಲಿ, ನೀವು ಹೊಳೆ ದಾಟೋ ಪುಟಕ್ಕೆ ಬಂದ್ರಾ?"

"ನಾಳೆ ಬರಬಹುದು ಸಾರ್."

"ಅಲ್ಲಿ ಮಗುನ ಹೊತ್ತ ಚೀಟಿ ಅವತ್ತು ಹಾರಿಹೋಗಿದ್ದು ನಮಗೆ ಸಿಕ್ಕೇ ಇಲ್ಲ. ನಾಳೆ ತನಕ ಕಾಯಬೇಡಿ. ಈಗಲೇ ಒಂದು ಬರೆದು ಅಂಟಿಸಿ, ನೀರು ಜೋರಾಗಿದೆ."