ಅಪ್ಪ ಹಾಕದ ನಾಲ್ಕನೇ ಗೇರು

ಮೋಟಾರ್ ಸೈಕಲ್ಲಿಗೆ ನಾಲ್ಕನೇ ಗೇರು ಬೇಕೋ ಬೇಡವೋ ಎಂಬ ವಾದ ಬಳ್ಳಾರಿಯ ಪಾರ್ವತಿನಗರದ ನಮ್ಮ ಮನೆಯಲ್ಲಿ ಒಂದು ಚಳಿಗಾಲವಿಡೀ ನಡೆಯಿತು. ಎಂಬತ್ತರ ದಶಕದ ನಡುವಿನ ದಿನಗಳು. ಅಣ್ಣ ಅಪ್ಪನ ಹಳೆಯ ಗಾಡಿ ಮಾರಿ ಹೊಸದು ತಂದಿದ್ದ. ಹಳೆಯದಕ್ಕೆ ಮೂರು ಗೇರು, ಹೊಸದಕ್ಕೆ ನಾಲ್ಕು. ಅಪ್ಪ ಮಾತ್ರ ಹೊಸದನ್ನೂ ಮೂರರಲ್ಲೇ ಓಡಿಸುತ್ತಿದ್ದ. ಓಣಿಯ ತುದಿಗೆ ಬಂದಾಗಲೇ ಎಂಜಿನ್ನಿನ ಅರಚಾಟ ಕೇಳಿ, ಅಪ್ಪ ಬಂದ ಎಂದು ಅವ್ವ ಒಲೆಯ ಮೇಲೆ ನೀರಿಡುತ್ತಿದ್ದಳು.

ಟಾಪ್ ಗೇರಿನಲ್ಲಿ ಎಂಜಿನ್ನಿಗೆ ಆರಾಮ, ಪೆಟ್ರೋಲೂ ಉಳಿಯುತ್ತದೆ ಎಂದು ಅಣ್ಣ ಉಣ್ಣುವಾಗೆಲ್ಲ ಪಾಠ ಹೇಳುತ್ತಿದ್ದ. ಅಪ್ಪನದು ಒಂದೇ ಉತ್ತರ. "ನಮ್ ಸೀಮಿ ರೋಡಿಗೆ ಮೂರು ಸಾಕಲೇ ತಮ್ಮಾ. ನಾಕನೇದು ಹಾಕಿ ಎಲ್ಲಿಗೆ ಹೋಗಾಕ?" ಅವ್ವ ಅಪ್ಪನ ಪರ. ಡಬ್ಬಿ ತುಂಬ ಖಾರದಪುಡಿ ಇದೆ ಎಂದು ಅಷ್ಟನ್ನೂ ಸಾರಿಗೆ ಸುರಿಯುತ್ತಾರೇನು ಎಂದು ಕೇಳುತ್ತಿದ್ದಳು. ನಾನು ಅಣ್ಣನ ಪರವಾಗಿದ್ದೆನೆಂದು ನೆನಪು. ಧಾರವಾಡದಲ್ಲಿ ಎಂ.ಎ. ಮುಗಿಸಿ ಬಂದವಳು, ಹೊಸದೆಲ್ಲದರ ಪರ ಇರಬೇಕೆಂದುಕೊಂಡಿದ್ದೆ. ಇದು ನೆನಪೋ, ಆಮೇಲಿನ ನಾನು ಅಂದಿನ ನನ್ನ ಬಗ್ಗೆ ಕಟ್ಟಿಕೊಂಡ ಮಾತೋ, ಖಾತ್ರಿಯಿಲ್ಲ.

ಅಪ್ಪ ಹತ್ತಿ ದಲ್ಲಾಳಿ. ಕುರುಗೋಡು, ಸಿರುಗುಪ್ಪ ಕಡೆಯ ಹಳ್ಳಿಗಳಿಗೆ ಹೋಗಿ ಹತ್ತಿ ನೋಡಿ ಬರುವುದು ಅವನ ಕೆಲಸ. ನನಗೆ ಸಿರುಗುಪ್ಪದ ಶಾಲೆಯೊಂದರಲ್ಲಿ ನೌಕರಿ. ವಾರವಿಡೀ ಅಲ್ಲೇ ಚಿಕ್ಕಮ್ಮನ ಮನೆಯಲ್ಲಿದ್ದು, ಶನಿವಾರ ಬಸ್ಸಿಗೆ ಬಳ್ಳಾರಿಗೆ ಬರುತ್ತಿದ್ದೆ. ಸೋಮವಾರ ಬೆಳಿಗ್ಗೆ ಅಪ್ಪ ಕುರುಗೋಡಿನ ಮೇಲೆ ಹಾಯ್ದು ನನ್ನನ್ನು ಬಿಟ್ಟು, ಹಳ್ಳಿಗಳನ್ನು ಸುತ್ತಿ, ಒಬ್ಬನೇ ವಾಪಸ್ಸಾಗುತ್ತಿದ್ದ.

ಸೀರೆಯುಟ್ಟವಳು ನಾನು, ಒಂದೇ ಬದಿಗೆ ಕಾಲಿಟ್ಟು, ಎಡಕ್ಕೆ ಮುಖ ಮಾಡಿ ಕೂರುತ್ತಿದ್ದೆ. ಗೇರು ಇರುವುದೂ ಎಡಗಡೆಗೇ. ಕಾಲ್ಬೆರಳ ತುದಿಯಿಂದ ಒತ್ತಿದರೆ ಗೇರು ಏರುತ್ತದೆ, ಹಿಮ್ಮಡಿಯಿಂದ ಒತ್ತಿದರೆ ಇಳಿಯುತ್ತದೆ. ದಾರಿಯುದ್ದಕ್ಕೂ ನನ್ನ ಕಣ್ಣ ಮುಂದೆ ಇದ್ದದ್ದು ಹೊಲಗಳು, ಕಾಲುವೆ ಮತ್ತು ಅಪ್ಪನ ಎಡಗಾಲು. ಅಣ್ಣನಾಗಲಿ, ಎರಡೂ ಕಡೆ ಕಾಲು ಹಾಕಿ ಕೂರುವ ಗಂಡಸರಾಗಲಿ ಆ ಕಾಲನ್ನು ಹಾಗೆ ನೋಡಿರಲಾರರು.

ಮೊದಲು ಕಂಡದ್ದೇನೆಂದರೆ, ಗೇರು ಬದಲಿಸುವಾಗ ಅಪ್ಪ ರಸ್ತೆ ಬಿಟ್ಟು ಕೆಳಗೆ ನೋಡುತ್ತಿದ್ದ. ಒಂದು ಕ್ಷಣ ಅಷ್ಟೆ. ಆಮೇಲೆ ತಲೆ ಓರೆ ಮಾಡಿ, ಬಾವಿಯೊಳಗೆ ಕೊಡ ಮುಳುಗಿತೋ ಇಲ್ಲವೋ ಎಂದು ಆಲಿಸುವವರ ಹಾಗೆ ಎಂಜಿನ್ನನ್ನು ಕೇಳಿಸಿಕೊಳ್ಳುತ್ತಿದ್ದ. ಎದುರಿಗೆ ಲಾರಿ ಬರುತ್ತಿದ್ದರೂ ಹಾಗೆಯೇ. ನಾನು ಸೀಟಿನ ಪಟ್ಟಿಯನ್ನು ಬಿಗಿಯಾಗಿ ಹಿಡಿದು ಕಣ್ಣು ಮುಚ್ಚುತ್ತಿದ್ದೆ. ಸೋಮವಾರ ಬಂತೆಂದರೆ ಅಂಜಿಕೆಯಾಗುತ್ತಿತ್ತು. ಅಂಜಿಕೆ ಯಾತರದೆಂದು ಯಾರಾದರೂ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

ಆ ಸೋಮವಾರ ಕುರುಗೋಡು ದಾಟಿದ ಮೇಲೆ ರಸ್ತೆಯ ತುಂಬ ಹುರುಳಿ ಹರವಿದ್ದರು. ನಮ್ಮ ಕಡೆ ಅದು ರೂಢಿ. ಕಣ ಮಾಡುವ ಬದಲು ಕಿತ್ತ ಹುರುಳಿಯನ್ನು ಡಾಂಬರು ರಸ್ತೆಗೆ ಹಾಸುವುದು, ಬಸ್ಸು ಲಾರಿಗಳ ಗಾಲಿಯೇ ಅದನ್ನು ತುಳಿದು ಕಾಳು ಬಿಡಿಸುವುದು. ದೊಡ್ಡ ಗಾಡಿಗಳಿಗೆ ಅದು ಲೆಕ್ಕಕ್ಕಿಲ್ಲ. ಎರಡು ಗಾಲಿಯವರು ಮಾತ್ರ ಗೇರು ಇಳಿಸಿ, ಬ್ರೇಕು ಮುಟ್ಟದೆ, ಮೆಲ್ಲಗೆ ದಾಟಬೇಕು. ಬಳ್ಳಿಯ ಕೆಳಗೆ ಕಾಳು ಉರುಳುತ್ತವೆ, ಗಾಲಿ ನಿಲ್ಲುವುದಿಲ್ಲ.

ಅಪ್ಪ ಕೆಳಗೆ ನೋಡಿದ. ಕಾಲು ಒತ್ತಿತು. ಹಿಮ್ಮಡಿಯಲ್ಲ, ಬೆರಳು. ಗಾಡಿ ಎರಡಕ್ಕೆ ಇಳಿಯುವ ಬದಲು ನಾಲ್ಕಕ್ಕೆ ಹೋಯಿತು. ಎಂಜಿನ್ನಿನ ಅರಚಾಟ ಒಮ್ಮೆಲೇ ಅಡಗಿತು. ಅಷ್ಟು ದಿನ ಅಣ್ಣ ಹೊಗಳುತ್ತಿದ್ದ ಆ ಆರಾಮದ ಸದ್ದನ್ನು ನಾನು ಮೊದಲ ಸಲ ಕೇಳಿದ್ದು ಹುರುಳಿಯ ಮೇಲೆ. ಎಂಜಿನ್ನು ಗಾಡಿಯ ವೇಗವನ್ನು ಹಿಡಿಯಲಿಲ್ಲ. ಅಪ್ಪ ಬ್ರೇಕು ಹಿಡಿದ. ಹಿಂದಿನ ಗಾಲಿ ಬಲಕ್ಕೆ ಜಾರಿತು, ಎಡಕ್ಕೆ ಜಾರಿತು. ಎಡಗಡೆ ಕಾಲುವೆ. ನನ್ನ ಕಾಲುಗಳ ಕೆಳಗೆ ಕೆಂಪು ನೀರು ಹರಿಯುವುದನ್ನು ಕಂಡಂತೆ ನೆನಪು. ಕಾಲುವೆ ಅಷ್ಟು ಹತ್ತಿರ ಇರಲಿಕ್ಕಿಲ್ಲ, ಅಂಜಿಕೆ ಅದನ್ನು ಹತ್ತಿರ ಎಳೆದಿರಬೇಕು.

ಬೀಳಲಿಲ್ಲ. ಹುರುಳಿ ಮುಗಿದು ಡಾಂಬರು ಸಿಕ್ಕ ಕಡೆ ಗಾಡಿ ಕೆಮ್ಮಿ ನಿಂತಿತು. ನಾನು ಇಳಿದೆ. ಹುರುಳಿ ತಿರುವುತ್ತಿದ್ದ ಹೆಂಗಸೊಬ್ಬಳು ಕೈಯಲ್ಲಿ ಒಂದು ಚಪ್ಪಲಿ ಹಿಡಿದು ಓಡಿಬಂದಳು.

"ಯಜಮಾನ್ರ, ನಮ್ ಹುಳ್ಳಿ ತುಳಿಯಾಕ ಬಂದೋರು ಚಪ್ಲೀನೂ ಬಿಟ್ಟು ಹೊಂಟ್ರಲ್ರೀ."

ಅಪ್ಪ ಚಪ್ಪಲಿಯನ್ನು ನೋಡಿದ, ನಕ್ಕ. "ನಮ್ದಲ್ಲವ್ವಾ. ಯಾರ್ದೋ ಇರ್ಬೇಕು."

ಅವಳು ಅವನ ಕಾಲು ನೋಡಿದಳು. ನಾನೂ ನೋಡಿದೆ. ಎಡಗಾಲು ಬರಿದಾಗಿತ್ತು. ಹೆಬ್ಬೆರಳ ಪಕ್ಕ ಚರ್ಮ ಸುಲಿದು ರಕ್ತ ಇಳಿಯುತ್ತಿತ್ತು. ಅಪ್ಪ ಆ ಕಾಲನ್ನೇ ನೆಲಕ್ಕೆ ಊರಿ, ಮುಂದೆ ದಾರಿ ಹೆಂಗೈತಿ ಎಂದು ಅವಳನ್ನು ಕೇಳುತ್ತಿದ್ದ.

ಅವಳು ಚಪ್ಪಲಿಯನ್ನು ಮೆಲ್ಲಗೆ ಅಲ್ಲೇ ಇಟ್ಟು ಹೋದಳು. ಆಮೇಲೆ ಅಪ್ಪ ಕೆಳಗೆ ನೋಡಿದ. ಬಹಳ ಹೊತ್ತು ನೋಡಿದ.

ಅಪ್ಪನಿಗೆ ಸಕ್ಕರೆ ಕಾಯಿಲೆ ಇದ್ದದ್ದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅದು ಚಹಾಕ್ಕೆ ಸಂಬಂಧಪಟ್ಟ ಕಾಯಿಲೆ ಎಂದೇ ನಾವು ತಿಳಿದಿದ್ದೆವು. ನಾನು ರಸ್ತೆ ಪಕ್ಕದ ಬೇವಿನ ಮರದ ಕೆಳಗೆ ಅವನನ್ನು ಕೂರಿಸಿ, ಸೆರಗಿನ ಪಿನ್ನು ತೆಗೆದೆ. ಕಾಲುವೆ ಕಡೆ ನೋಡಲು ಹೇಳಿದೆ. ಹಾಗೆ ಮಾಡಬೇಕೆಂದು ನನಗೆ ಹೇಗೆ ಹೊಳೆಯಿತೋ. ಎಲ್ಲೋ ಓದಿದ್ದಿರಬೇಕು. ಅಪ್ಪ ಮಗುವಿನ ಹಾಗೆ ಮುಖ ತಿರುಗಿಸಿ ಕೂತ. ನಾನು ಅವನ ಅಂಗಾಲಿಗೆ ಪಿನ್ನು ಒತ್ತಿದೆ.

"ಚುಚ್ಚವ್ವಾ," ಅಂದ ಅಪ್ಪ, ಕಾಲುವೆಯನ್ನೇ ನೋಡುತ್ತ. "ಯಾಕ ಸುಮ್ನ ಕುಂತಿ? ಅಂಜಬ್ಯಾಡ."

ಪಿನ್ನಿನ ತುದಿ ಆಗಲೇ ಒಳಗಿತ್ತು.

ಪಿನ್ನನ್ನು ಕಿತ್ತುಕೊಂಡೆ. ಅಪ್ಪ ತಿರುಗಿ ರಕ್ತದ ಹನಿ ನೋಡಿದ, ಹೆಬ್ಬೆರಳಿನಿಂದ ಒರೆಸಿಕೊಂಡ. ಕಾಲು ಜೋಮು ಹಿಡಿದು ವರ್ಷದ ಮೇಲಾಯಿತೆಂದೂ, ಕಿವಿಯಿಂದಲೇ ಗೇರು ಹಾಕುತ್ತಿದ್ದೇನೆಂದೂ ನಿಧಾನಕ್ಕೆ ಹೇಳಿದ. ಹಳೆಯ ಗಾಡಿಯಲ್ಲಿ ಮೂರಾದ ಮೇಲೆ ಗೋಡೆ ಇತ್ತು. ಕಾಲು ತಪ್ಪಿ ಬೆರಳಿನಿಂದ ಇನ್ನೊಮ್ಮೆ ಒತ್ತಿದರೂ ಏನೂ ಆಗುತ್ತಿರಲಿಲ್ಲ. "ಇದಕ್ಕ ಗ್ವಾಡಿ ಇಲ್ಲ. ಮೂರರ ಆಕಡಿ ಇನ್ನೊಂದು ಬಾಗ್ಲ ತಗದಿಟ್ಟಾರ."

ಅಂದರೆ ಉಣ್ಣುವಾಗಿನ ಆ ವಾದವೆಲ್ಲ ಪೆಟ್ರೋಲಿನದಾಗಿರಲಿಲ್ಲ.

ಅಂಜಿಕೆ ಅಲ್ಲಿಗೆ ಮುಗಿಯಬೇಕಿತ್ತು, ನಿಜವಾಗಿ ಶುರುವಾದದ್ದೇ ಆಗ. ನನ್ನನ್ನು ಬಿಟ್ಟ ಮೇಲೆ ಅಪ್ಪ ಇದೇ ದಾರಿಯಲ್ಲಿ ಒಬ್ಬನೇ ತಿರುಗಿ ಬರಬೇಕಿತ್ತು. ಅಷ್ಟೂ ಸೋಮವಾರ ಹಾಗೇ ಬಂದಿದ್ದ. ಅವನು ಎದ್ದು ಚಪ್ಪಲಿ ಹಾಕಿಕೊಂಡು, ನಡಿ ನಿನ್ ಸಾಲಿಗೆ ಹೊತ್ತಾತು, ಅಂದ. ನಾನು ಗಾಡಿಯ ಕೀಲಿ ತೆಗೆದು ಮುಷ್ಟಿಯಲ್ಲಿಟ್ಟುಕೊಂಡೆ. ಅಪ್ಪನಿಗೆ ಎದುರು ನಿಂತವಳಲ್ಲ ನಾನು. ಅಪ್ಪ ಕೈ ಚಾಚಿದ. ನಾನು ಕೊಡಲಿಲ್ಲ.

"ಮನ್ಯಾಗ ಹೇಳ್ತಿಯೇನು?"

"ಹೇಳ್ತೀನಪ್ಪಾ."

ಚಾಚಿದ ಕೈ ಇನ್ನೂ ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಅದನ್ನು ಧೋತರದ ಮಡಿಕೆಗೆ ಒರೆಸಿಕೊಂಡ. ಗಾಡಿಯನ್ನು ಹುರುಳಿಯವರ ಗುಡಿಸಲ ಹತ್ತಿರ ತಳ್ಳಿ ನಿಲ್ಲಿಸಿ, ಸಾಯಂಕಾಲ ಮಗ ಬಂದು ಒಯ್ಯುತ್ತಾನೆಂದು ಅಪ್ಪನೇ ಅವರಿಗೆ ಹೇಳಿದ.

ಬಳ್ಳಾರಿಗೆ ಹೋಗುವ ಬಸ್ಸು ಬಂತು, ಇಬ್ಬರೂ ಹತ್ತಿದೆವು. ಅಂದು ನಾನು ಶಾಲೆಗೆ ಹೋಗಲಿಲ್ಲ. ನನ್ನ ದಿನಚರಿಯಲ್ಲಿ ಆ ದಿನಕ್ಕೆ ರಜೆ ಎಂದಷ್ಟೇ ಬರೆದುಕೊಂಡಿದ್ದೇನೆ. ಬಸ್ಸು ಹುರುಳಿಯ ಮೇಲೆ ಹಾಯ್ದಾಗ ಚಟಚಟ ಸದ್ದಾಯಿತು. ದಾಟಿದ ಮೇಲೆ ಡ್ರೈವರ್ ಗೇರು ಏರಿಸತೊಡಗಿದ. ಅಪ್ಪ ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿದ್ದ. ಪ್ರತಿ ಸಲ ಎಂಜಿನ್ನಿನ ದನಿ ಬದಲಾದಾಗ ಅವನ ಎಡಗಾಲು ಬಸ್ಸಿನ ತಗಡಿನ ಮೇಲೆ ಸಣ್ಣಗೆ ಒತ್ತುತ್ತಿತ್ತು. ಒಮ್ಮೆ. ಇನ್ನೊಮ್ಮೆ. ಕೊನೆಗೆ ದನಿ ತಗ್ಗಿ ಬಸ್ಸು ಟಾಪಿಗೆ ಬಂದಾಗ ಕಾಲು ಸುಮ್ಮನಾಯಿತು. ತಾನು ಒತ್ತುತ್ತಿದ್ದೇನೆಂದು ಅಪ್ಪನಿಗೆ ಗೊತ್ತಿತ್ತೋ ಇಲ್ಲವೋ. ನಾನು ಕೀಲಿ ಹಿಡಿದ ಮುಷ್ಟಿಯನ್ನು ಬಳ್ಳಾರಿಯವರೆಗೂ ಬಿಚ್ಚಲಿಲ್ಲ.