ಪಂಚಮಿಯ ಸೀರೆ ತಿರುಗಿಸಿದವನು

ಕೊಟ್ರಮ್ಮ, ಆ ಸೀರೆಯನ್ನು ಗುತ್ತೂರಿಗೆ ತಿರುಗಿ ಕಳಿಸಿದವನು ನಾನು. ನಿಮ್ಮ ಅಣ್ಣ ಹಾಲಪ್ಪನವರು ಪಂಚಮಿ ಹಬ್ಬಕ್ಕೆ ನಿಮ್ಮನ್ನು ಕರೆಯಲು ಬಂದಿದ್ದರು. ಬಂದದ್ದನ್ನು ನಿಮ್ಮಿಂದ ಮುಚ್ಚಿಟ್ಟವನೂ ನಾನೇ. ವರ್ಷಗಳ ಮೇಲೆ ನೀವೇ ನನ್ನ ಎದುರು ನಿಂತು ಕೇಳಿದಾಗ ‘ನನಗೇನೂ ಗೊತ್ತಿಲ್ಲ’ ಎಂದೆನಲ್ಲ — ಅದು ಸುಳ್ಳು.

ಮೊದಲಿಗೇ ಹೇಳಿಬಿಟ್ಟೆ. ಪೀಠಿಕೆ ಹಾಕುತ್ತ ಕೂತರೆ ವಕೀಲನ ಬುದ್ಧಿ ಬಿಡುವುದಿಲ್ಲ; ನಾಲ್ಕು ಸಾಲು ದಾಟುವುದರೊಳಗೆ ನನ್ನನ್ನು ನಾನೇ ಬಿಡಿಸಿಕೊಂಡಿರುತ್ತೇನೆ. ನಿಮಗೆ ಓದು ಬಾರದು, ಗೊತ್ತು. ನಾಳೆ ನಿಮ್ಮೆದುರು ನಿಂತಾಗ ಒಂದು ಮಾತೂ ನುಂಗಬಾರದೆಂದು ಇದನ್ನು ಬರೆದುಕೊಳ್ಳುತ್ತಿದ್ದೇನೆ.

ಇಷ್ಟು ವರ್ಷ ಸುಮ್ಮನಿದ್ದವನಿಗೆ ಈಗ ಏನು ಬಂತು ಎಂದು ನೀವು ಕೇಳಬಹುದು. ಹೋದ ವಾರ ನಮ್ಮ ವಕೀಲರ ಸಂಘದಲ್ಲಿ, ಹೊಸದಾಗಿ ಸನ್ನದು ಪಡೆದವರಿಗೆ ವೃತ್ತಿಧರ್ಮದ ಬಗ್ಗೆ ನಾಲ್ಕು ಮಾತು ಹೇಳಿ ಎಂದು ನನ್ನನ್ನು ಕುರ್ಚಿಯ ಮೇಲೆ ಕೂರಿಸಿದರು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎನ್ನುತ್ತಾರಲ್ಲ, ಹಾಗೆ ಚೆನ್ನಾಗಿಯೇ ಹೇಳಿದೆ. ಕೊನೆಗೊಬ್ಬ ತರುಣ ವಕೀಲ ಎದ್ದು ಕೇಳಿದ: ‘ಎದುರು ಪಾರ್ಟಿ ರಾಜಿಗೆ ಬಂದ್ರೆ, ರಾಜಿ ಬ್ಯಾಡ ಅಂತ ನಮಗೇ ಅನ್ಸಿದ್ರೂ ಕಕ್ಷಿದಾರರಿಗೆ ಹೇಳ್ಲೇಬೇಕೇನ್ ಸರ್?’

‘ಹೇಳಲೇಬೇಕು. ಕೇಸು ಅವರದು, ನಮ್ಮದಲ್ಲ’ ಎಂದೆ. ಎಲ್ಲರೂ ತಲೆದೂಗಿದರು. ನಾನು ಎದ್ದು ನೀರು ಕುಡಿದು, ಮೈ ಸರಿಯಿಲ್ಲವೆಂದು ಹೇಳಿ ಮನೆಗೆ ಬಂದುಬಿಟ್ಟೆ.

ನೀವು ಮೊದಲ ಸಲ ಪಿ.ಜೆ. ಬಡಾವಣೆಯ ನನ್ನ ಆಫೀಸಿಗೆ ಬಂದದ್ದು ನೆನಪಿದೆಯೇ? ನಿಮ್ಮ ತಂದೆ ತೀರಿಕೊಂಡು ವರ್ಷವಾಗಿತ್ತು. ತಂದೆಯ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಪಾಲುಂಟು ಎನ್ನುವ ಕಾಯ್ದೆ ಆಗಿನ್ನೂ ಹೊಸತು. ಕೇಸು ಹಾಕಬೇಕೆಂಬ ಹಟ ನಿಮ್ಮ ಯಜಮಾನರದು. ಅವರು ನನ್ನೆದುರು ಕೂತು ಹೊಲದ ಲೆಕ್ಕ ಹೇಳುತ್ತಿದ್ದರೆ ನೀವು ಬಾಗಿಲ ಬಳಿ ಸೆರಗು ಹೊದ್ದು ನಿಂತಿದ್ದಿರಿ. ಹೆಬ್ಬೆಟ್ಟು ಒತ್ತುವ ಮೊದಲು ಒಂದೇ ಒಂದು ಮಾತು ಕೇಳಿದಿರಿ: ‘ಪಾಲು ಕೇಳಿದ್ರೆ ನಮ್ಮಣ್ಣ ಬ್ಯಾಸ್ರ ಮಾಡ್ಕಳಲ್ವೇನ್ರಿ?’

‘ಕಾಯ್ದೆ ನಿಮ್ಮ ಕಡೆ ಐತ್ರಿ ಕೊಟ್ರಮ್ಮ’ ಎಂದೆ. ನೀವು ಕೇಳಿದ್ದೇನು, ನಾನು ಹೇಳಿದ್ದೇನು!

ಆಮೇಲೆ ಬಂದಾಗಲೆಲ್ಲ ನೀವು ಕೇಸಿನ ಸುದ್ದಿ ಕೇಳುತ್ತಿರಲಿಲ್ಲ. ‘ಗುತ್ತೂರಿಂದ ಯಾರಾರ ಬಂದಿದ್ರೇನ್ರಿ?’ — ಇಷ್ಟೇ. ನಿಮ್ಮ ಗಂಡನ ಮನೆ ಆನೆಕೊಂಡ. ಹರಿಹರದ ಬಸ್ಸು ಹತ್ತಿದರೆ ಗುತ್ತೂರು ಎಷ್ಟು ದೂರ? ಆದರೆ ಕೇಸು ನಡೆಯುವಾಗ ಆ ಕಡೆ ಹೆಜ್ಜೆ ಇಡಕೂಡದೆಂದು ಯಜಮಾನರು ತಡೆದಿದ್ದರು. ಸರಿ ಎಂದು ನಾನೂ ದನಿ ಸೇರಿಸಿದ್ದೆ.

ಆ ವರ್ಷ ಆಷಾಢದ ಕೊನೆಗೆ, ಪಂಚಮಿಗೆ ಇನ್ನೂ ಆರೇಳು ದಿನವಿರುವಾಗ, ಹಾಲಪ್ಪನವರು ಬಂದರು. ಧೋತರದ ಅಂಚು ಕೆಸರಾಗಿತ್ತು. ಕೈಯಲ್ಲೊಂದು ಬಿಳಿ ಬಟ್ಟೆಯ ಗಂಟು. ನಾನು ‘ಕೂಡ್ರಿ’ ಎಂದರೂ ಕೂರಲಿಲ್ಲ.

‘ತಂಗಿ ಮನಿಗೇ ಹೋಗಬೇಕಾಗಿತ್ರಿ’ ಎಂದರು. ‘ಎದುರು ಪಾರ್ಟಿ ಮನಿ ಹೊಸ್ತಿಲು ತುಳೀಬ್ಯಾಡ ಅಂತ ನಮ್ಮ ವಕೀಲ್ರು ಹೇಳ್ಯಾರ. ತಂಗಿ ಎದುರು ಪಾರ್ಟಿ ಆಗಿದ್ದು ಯಾವಾಗ ಅಂತ ನಂಗಂತೂ ತಿಳೀಲಿಲ್ಲ. ನೀವು ಅಕಿ ಕಡೆಯೋರು. ನಿಮ್ಮ ಕೈಲಿ ಕೊಟ್ರೆ ಅಕಿಗೆ ಕೊಟ್ಟಂಗೆ. ಸೀರಿ ಐತೆ, ಒಂದು ಕುಬುಸದ ಖಣ ಐತೆ, ಅಕಿ ಅತ್ತಿಗಿ ಉಂಡಿ ಕಟ್ಟ್ಯಾಳ. ಯಾವ ಹೊಲ ಬೇಕೋ ಅಕೀನೇ ಬೆರಳು ಮಾಡಿ ತೋರಿಸ್ಲಿ, ಹೊಳಿ ದಂಡಿ ಹೊಲ ಆದ್ರೂ ಆತು. ನಾನು ರುಜು ಹಾಕ್ತೀನಿ. ಪಂಚಮಿಗೆ ಬರಾದು ಮಾತ್ರ ಬಿಡಬ್ಯಾಡ ಅಂತ ಹೇಳ್ರಿ.’

ಕೊಟ್ರಮ್ಮ, ಅವರು ಅಂದದ್ದು ಇಷ್ಟು. ಒಂದು ಪದವನ್ನೂ ನಾನು ಮರೆತಿಲ್ಲ. ಮರೆಯಲಿಕ್ಕೆ ಪ್ರಯತ್ನಪಟ್ಟಿಲ್ಲವೆಂದಲ್ಲ —

ನಾನು ಏನು ಮಾಡಬೇಕಾಗಿತ್ತು? ನಮ್ಮ ವೃತ್ತಿಯಲ್ಲೊಂದು ನಿಯಮವಿದೆ: ಎದುರು ಪಕ್ಷದವರಿಗೆ ವಕೀಲರಿದ್ದರೆ, ಅವರನ್ನು ಬಿಟ್ಟು ಆ ಕಕ್ಷಿದಾರನೊಡನೆ ನೇರವಾಗಿ ವ್ಯವಹಾರ ಮಾಡಬಾರದು. ಒಳ್ಳೆಯ ನಿಯಮ. ಅದರ ಜೊತೆಗೇ ಇನ್ನೊಂದಿದೆ: ರಾಜಿಯ ಮಾತು ಯಾವ ದಾರಿಯಿಂದ ಬಂದರೂ ತನ್ನ ಕಕ್ಷಿದಾರರ ಕಿವಿಗೆ ಮುಟ್ಟಿಸಬೇಕು. ನಾನು ಮೊದಲನೆಯದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಎರಡನೆಯದು ಕಾಣದವನಂತೆ ಇದ್ದುಬಿಟ್ಟೆ.

ಯಾಕೆ ಎಂದರೆ — ನಾಚಿಕೆಯಾಗುತ್ತದೆ, ಆದರೂ ಹೇಳಬೇಕು. ಆ ಹೊಸ ಕಾಯ್ದೆಯ ಮೇಲೆ ನಮ್ಮ ಕೋರ್ಟಿನಲ್ಲಿ ತೀರ್ಪು ಪಡೆದ ಮೊದಲ ವಕೀಲ ನಾನಾಗಬೇಕು ಎಂಬ ಆಸೆ. ರಾತ್ರಿ ಹಗಲು ಓದಿದ್ದೆ. ಅಣ್ಣತಂಗಿ ಪಂಚಮಿ ಜೋಕಾಲಿಯ ಕೆಳಗೆ ಕೂತು ಒಂದಾಗಿಬಿಟ್ಟರೆ ತೀರ್ಪೆಲ್ಲಿ, ನನ್ನ ಹೆಸರೆಲ್ಲಿ? ಅಷ್ಟೇ ಕೊಟ್ರಮ್ಮ. ಇದಕ್ಕಿಂತ ದೊಡ್ಡ ಕಾರಣವೊಂದಿದ್ದರೆ ನನಗೂ ಸಮಾಧಾನವಾಗುತ್ತಿತ್ತೇನೋ.

ಹಾಲಪ್ಪನವರಿಗೆ ‘ಆಗಲಿ, ಹೋಗಿ ಬರ್ರಿ’ ಎಂದೆ. ಅವರು ನಂಬಿ ಹೋದರು. ಎರಡು ದಿನ ಆ ಗಂಟು ನನ್ನ ಕಾಗದಪತ್ರಗಳ ನಡುವೆ ಕೂತಿತ್ತು. ಮೂರನೆಯ ದಿನ ಅವರ ವಕೀಲರಿಗೆ ಇಂಗ್ಲಿಷಿನಲ್ಲಿ ಮೂರು ಸಾಲು ಬರೆದೆ — ತಮ್ಮ ಕಕ್ಷಿದಾರರು ನನ್ನಲ್ಲಿಗೆ ನೇರವಾಗಿ ಬಂದದ್ದು ಸರಿಯಲ್ಲ, ಅವರು ಬಿಟ್ಟುಹೋದ ವಸ್ತುವನ್ನು ಇದರೊಂದಿಗೆ ಹಿಂದಿರುಗಿಸಿದೆ. ನನ್ನ ಗುಮಾಸ್ತ ರುದ್ರಯ್ಯ ವಯಸ್ಸಾದವರು. ಗಂಟನ್ನು ಕೈಗೆ ತೆಗೆದುಕೊಳ್ಳಲೇ ಇಲ್ಲ. ‘ಸ್ವಾಮಿ, ತವರುಮನಿ ಸೀರಿ ಇದು. ತಿರುಗಿಸಬಾರದ್ರಿ’ ಎಂದರು.

‘ಕೊಟ್ಟು ಬರ್ರಿ’ ಎಂದೆ.

ಅದರ ಅರ್ಥ ನನಗೆ ಗೊತ್ತಿರಲಿಲ್ಲವೆಂದು ಹೇಳಲಾರೆ. ನನಗೂ ತಂಗಿಯಿದ್ದಾಳೆ. ತವರಿನ ಸೀರೆ ತಿರುಗಿ ಬಂದರೆ ಮಗಳು ತವರಿನ ಹೆಸರಿಗೆ ಎಳ್ಳುನೀರು ಬಿಟ್ಟಂತೆ ಎಂದು ನನ್ನ ಅವ್ವನ ಬಾಯಲ್ಲೇ ಕೇಳಿದ್ದೇನೆ. ಇಂಗ್ಲಿಷ್ ಬಾರದ ಹಾಲಪ್ಪನವರು ಗಂಟು ನೋಡಿ, ನೀವೇ ತಿರುಗಿಸಿದಿರಿ ಎಂದುಕೊಳ್ಳುತ್ತಾರೆಂದೂ ಗೊತ್ತಿತ್ತು. ಆ ವರ್ಷವೂ ಪಂಚಮಿಗೆ ನಾನೇ ಹೋಗಿ ತಂಗಿಯನ್ನು ಕರೆತಂದೆ.

ಹಬ್ಬಕ್ಕೆ ಎರಡು ದಿನವಿರುವಾಗ ನೀವು ಬಂದಿರಿ. ಅಂದು ಕೋರ್ಟಿನ ಕೆಲಸವೇನೂ ಇರಲಿಲ್ಲ. ಹೊಸ ಬಳೆ ಇಡಿಸಿಕೊಂಡಿದ್ದಿರಿ, ಮುಂಗೈ ತುಂಬ. ‘ಗುತ್ತೂರಿಂದ ಯಾರಾರ ಬಂದಿದ್ರೇನ್ರಿ?’ ಎಂದು ಕೇಳಿದಿರಿ.

‘ಇಲ್ಲ.’

ನೀವು ಬಳೆಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋದಿರಿ.

ಮುಂದೆ ವಿಚಾರಣೆ ಬಂತು. ಹಾಲಪ್ಪನವರು ಕಟಕಟೆಯಲ್ಲಿ ನಿಂತಿದ್ದರು. ನೀವು ಹಿಂದಿನ ಬೆಂಚಿನಲ್ಲಿ. ನಾನು ಕೇಳಿದೆ — ಉತ್ತರ ಗೊತ್ತಿದ್ದೂ ಕೇಳಿದೆ — ‘ತಂಗಿಗೆ ಪಾಲು ಕೊಡಲು ನೀವು ಎಂದಾದರೂ ಒಪ್ಪಿದ್ದಿರಾ?’

ಅವರು ನನ್ನ ಮುಖವನ್ನೇ ನೋಡಿದರು. ‘ಅದು ನಿಮಗೇ ಗೊತ್ತೈತಲ್ರಿ.’

‘ಹೌದು ಅಥವಾ ಇಲ್ಲ, ಅಷ್ಟು ಹೇಳಿ.’

ಅವರು ಬಾಯಿ ಬಿಟ್ಟರೆ ನಾನು ಅಲ್ಲೇ ಮುಗಿಯುತ್ತಿದ್ದೆ. ಆದರೆ ತುಂಬಿದ ಕೋರ್ಟಿನಲ್ಲಿ, ತಂಗಿಯನ್ನು ಕರೆಯಲು ಹೋಗಿದ್ದೆ, ಅವಳು ಸೀರೆ ತಿರುಗಿಸಿದಳು ಎಂದು ಯಾವ ಅಣ್ಣ ತಾನೇ ಹೇಳಿಯಾನು? ನಿಮ್ಮ ಮಾನ ಹೋಗುತ್ತದೆಂದು ಅವರು ಹಿಂಜರಿದರು ಎಂದೇ ನಾನು ತಿಳಿದಿದ್ದೇನೆ. ‘ಇಲ್ಲ’ ಎಂದರು. ಆ ‘ಇಲ್ಲ’ವನ್ನು ನೀವು ಕೇಳಿಸಿಕೊಂಡಿರಿ. ನಿಮ್ಮ ಕಡೆ ತಿರುಗಿ ನೋಡುವ ಧೈರ್ಯ ನನಗಾಗಲಿಲ್ಲ.

ನಾವು ಗೆದ್ದೆವು. ವಕೀಲರ ಕೋಣೆಯಲ್ಲಿ ಮಂಡಕ್ಕಿ ಮೆಣಸಿನಕಾಯಿ ತರಿಸಿ ಎಲ್ಲರಿಗೂ ಹಂಚಿದೆ. ಹಿರಿಯರೊಬ್ಬರು ಬೆನ್ನು ತಟ್ಟಿದರು. ಗೆದ್ದವನು ಸೋತ, ಸೋತವನು ಸತ್ತ ಎಂದು ಜನ ಕೋರ್ಟಿನ ಮೆಟ್ಟಿಲಲ್ಲಿ ಕೂತು ನಗುತ್ತ ಹೇಳುವ ಮಾತು. ನಾನೂ ಎಷ್ಟೋ ಸಲ ಹೇಳಿ ನಕ್ಕಿದ್ದೇನೆ. ಮೂರನೆಯ ವರ್ಷ ಹಾಲಪ್ಪನವರು ಕಾಮಾಲೆಯಲ್ಲಿ ತೀರಿಕೊಂಡರು.

ಅಂದು ನೀವು ಯಾರ ಮಾತನ್ನೂ ಕೇಳದೆ ಗುತ್ತೂರಿಗೆ ಹೋದಿರಿ. ಹೊಸ್ತಿಲಲ್ಲೇ ನಿಮ್ಮ ಅತ್ತಿಗೆ, ‘ಸೀರಿ ತಿರುಗಿಸಿದಾಕಿ ಈಗ ಯಾರನ್ನ ನೋಡಾಕ ಬಂದಿ?’ ಎಂದರಂತೆ. ನೀವು ಹರಿಹರದಲ್ಲಿ ಬಸ್ಸು ಹತ್ತಿ, ಮನೆಗೂ ಹೋಗದೆ ನೇರ ನನ್ನಲ್ಲಿಗೆ ಬಂದಿರಿ.

‘ಯಾವ ಸೀರಿ ವಕೀಲ್ರೆ? ನಮ್ಮಣ್ಣ ಸೀರಿ ಕಳ್ಸಿದ್ನಾ? ನಿಮಗೇನಾರ ಗೊತ್ತೈತಾ?’

ಆಗ ಹೇಳಬಹುದಿತ್ತು. ಕೇಸು ಮುಗಿದಿತ್ತು, ತೀರ್ಪು ಕೈಯಲ್ಲಿತ್ತು, ಮುಚ್ಚಿಡುವುದರಿಂದ ನನಗೆ ಸಿಗುವ ಲಾಭವೂ ಏನಿರಲಿಲ್ಲ — ಹೆಸರು ಕೆಡುವ ಹೆದರಿಕೆಯೊಂದನ್ನು ಬಿಟ್ಟರೆ. ‘ನನಗೇನೂ ಗೊತ್ತಿಲ್ಲ ಕೊಟ್ರಮ್ಮ’ ಎಂದೆ.

ನೀವು ಅಳಲಿಲ್ಲ. ‘ಹಂಗಾರೆ ಅವನು ಕರೀಲಿಲ್ಲ’ ಎಂದು ನಿಮ್ಮಷ್ಟಕ್ಕೇ ಹೇಳಿಕೊಂಡು ಮೆಟ್ಟಿಲಿಳಿದಿರಿ. ಒಳಗೆ ರುದ್ರಯ್ಯ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಮರುದಿನದಿಂದ ಅವರು ಕೆಲಸಕ್ಕೆ ಬರಲಿಲ್ಲ.

ಈಗ ಒಂದೊಂದು ಶ್ರಾವಣದಲ್ಲೂ ಏನಾದರೊಂದು ನೆಪ ಮಾಡಿಕೊಂಡು ಆನೆಕೊಂಡದ ಕಡೆ ನಡೆಯುತ್ತೇನೆ. ನೀವು ನನ್ನನ್ನು ಕಂಡಿಲ್ಲ. ಮನೆಯ ಮುಂದಿನ ಕಟ್ಟೆಯಲ್ಲಿ ಕೂತು ಕಾಳು ಆರಿಸುತ್ತಿರುತ್ತೀರಿ. ಹರಿಹರದ ಕಡೆಯಿಂದ ಬಂದವರು ಯಾರಾದರೂ ಆ ಬೀದಿಗೆ ತಿರುಗಿದರೆ ನಿಮ್ಮ ಕೈ ನಿಲ್ಲುತ್ತದೆ, ತಲೆ ಮೇಲೇಳುತ್ತದೆ. ಅಣ್ಣ ತೀರಿಕೊಂಡು ಇಷ್ಟು ವರ್ಷವಾದರೂ... ಸತ್ತವನು ಬರುವುದಿಲ್ಲವೆಂದು ನಿಮಗೆ ಗೊತ್ತಿಲ್ಲವೇ? ಗೊತ್ತು. ಆದರೂ ತಲೆ ಮೇಲೇಳುತ್ತದೆ. ಅದನ್ನು ನೋಡಿಕೊಂಡು ತಿರುಗಿ ಬರುತ್ತೇನೆ. ಹಾಲಪ್ಪನವರು ಇನ್ನೊಮ್ಮೆ ನನ್ನ ಆಫೀಸಿನ ಬಾಗಿಲಿಗೆ ಬರಲಿ, ಕೈಯಲ್ಲಿ ಆ ಗಂಟಿರಲಿ ಎಂದು ನಾನು ಎಷ್ಟು ಹಂಬಲಿಸಿದ್ದೇನೆಂದರೆ, ಕೆಸರು ಧೋತರದವರು ಯಾರು ಬಂದರೂ ಎದ್ದು ನಿಲ್ಲುತ್ತೇನೆ.

ಕ್ಷಮೆ ಕೇಳಲು ಬರುತ್ತಿಲ್ಲ. ಕ್ಷಮಿಸಬೇಕಾದವರಲ್ಲಿ ಒಬ್ಬರು ಉಳಿದಿಲ್ಲ, ಇನ್ನೊಬ್ಬರ ಮೇಲೆ ಆ ಭಾರವನ್ನೂ ಹೊರಿಸಲೇ? ನೀವು ನನ್ನ ಮೇಲೆ ದೂರು ಕೊಡಬಹುದು. ಕೊಡಬೇಕು. ಅದನ್ನು ಬರೆಯಲು ಬೇರೆ ವಕೀಲರನ್ನು ಹಿಡಿಯಿರಿ. ನಾನು ಎದುರು ವಾದಿಸುವುದಿಲ್ಲ. ನಿಮ್ಮಲ್ಲಿಂದ ಗುತ್ತೂರಿಗೆ ಹೋಗಿ ನಿಮ್ಮ ಅತ್ತಿಗೆಗೂ ಇದನ್ನೇ ಹೇಳುತ್ತೇನೆ. ಮೊದಲು ನಿಮಗೆ, ಏಕೆಂದರೆ ಮೊದಲು ನಿಮಗೇ ತಿಳಿಯಬೇಕಾಗಿದ್ದ ಮಾತು ಅದು.

ನಾಳೆ ಬರುತ್ತೇನೆ. ಹಬ್ಬಕ್ಕೆ ಇನ್ನು ನಾಲ್ಕು ದಿನವಿದೆ. ನಿಮ್ಮನ್ನು ತವರಿಗೆ ಕರೆಯುವ ಹಕ್ಕು ನನಗಿಲ್ಲ. ಅವರು ಕರೆದಿದ್ದರು ಎಂದಷ್ಟೇ ಹೇಳಬೇಕು. ನನ್ನನ್ನು ಒಳಗೆ ಕರೆಯಬೇಡಿ ಕೊಟ್ರಮ್ಮ, ಹೊರಗೆ ನಿಂತೇ ಹೇಳುತ್ತೇನೆ.